ಕದ ತೆರೆದಿಟ್ಟ ಮನೆ: ಉಮಾಬಾಯಿ ಕುಂದಾಪುರ

1942ರ ಚಳವಳಿಯ ಮಾತು ಬಂದಾಗ ನಮ್ಮ ಚಿಕ್ಕೋಡಿ, ಅಥಣಿ, ರಾಯಬಾಗಗಳ ಕಡೆಯ ಹಿರಿಯರು ಹೇಳುತ್ತಿದ್ದ ಕಥೆಗಳಲ್ಲಿ ತಂತಿ ಕತ್ತರಿಸಿದವರು ಬರುತ್ತಿದ್ದರು. ಚಾವಡಿಯ ದಫ್ತರಕ್ಕೆ ಬೆಂಕಿಯಿಟ್ಟವರು, ಟಪಾಲಿನ ಚೀಲ ಸುಟ್ಟವರು ಬರುತ್ತಿದ್ದರು. ಆದರೆ ಅವರು ಆ ರಾತ್ರಿ ಎಲ್ಲಿ ತಲೆಯೂರಿದರು, ಯಾರ ಮನೆಯ ರೊಟ್ಟಿಯನ್ನುಂಡು ಬೆಳಗಾಗುವ ಮೊದಲು ಮುಂದಿನ ಊರಿನ ದಾರಿ ಹಿಡಿದರು ಎಂದು ಕೇಳಿದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ತಂತಿ ಕತ್ತರಿಸಿದವನ ಹೆಸರು ಪೋಲೀಸರ ಕಾಗದದಲ್ಲಾದರೂ ಉಳಿಯಿತು. ಕದ ತೆರೆದವಳ ಹೆಸರು ಅಲ್ಲಿಯೂ ಇಲ್ಲ, ಇರಲೂಬಾರದು, ಏಕೆಂದರೆ ಅದು ಅಲ್ಲಿ ಬರದಂತೆ ನೋಡಿಕೊಳ್ಳುವುದೇ ಆಕೆಯ ಕೆಲಸದ ಅರ್ಧ ಭಾಗವಾಗಿತ್ತು. ಹಾಗೆ ಕದ ತೆರೆದವರಲ್ಲಿ ಹೆಸರು ಉಳಿಸಿಕೊಂಡ ಕೆಲವರೇ ಕೆಲವರಲ್ಲಿ ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಒಬ್ಬರು.

ಅವರು ಹುಟ್ಟಿದ್ದು 1892ರಲ್ಲಿ, ಮಂಗಳೂರಿನ ಗೋಳಿಕೇರಿ ಮನೆತನದಲ್ಲಿ. ತಂದೆ ಕೃಷ್ಣರಾಯರು. ತವರಿನಲ್ಲಿಟ್ಟ ಹೆಸರು ಭವಾನಿ. ಆ ಕಾಲದ ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ಮದುವೆಯಾಗಿ, ಸಂಜೀವರಾವ್ ಕುಂದಾಪುರ ಅವರ ಪತ್ನಿಯಾಗಿ ಮುಂಬಯಿ ಸೇರಿದರು, ಭವಾನಿ ಉಮೆಯಾದಳು. ದೇವಿಯೊಬ್ಬಳೇ ಆದುದರಿಂದ ಹೆಸರು ಬದಲಾಯಿತೆಂದು ಹೇಳುವುದಕ್ಕೂ ಬಾರದು. ಬದಲಾದದ್ದು ಬೇರೆ. ಮಾವ ಆನಂದರಾವ್ ಕುಂದಾಪುರರು ಸುಧಾರಣೆಯ ಮಾತನ್ನು ಸಭೆಗೆ ಮೀಸಲಿಟ್ಟು ಮನೆಯಲ್ಲಿ ಮರೆಯುವ ಜಾತಿಯವರಲ್ಲ. ಸೊಸೆಯನ್ನು ಓದಿಸಿದರು. ಲಗ್ನವಾದ ಮೇಲೆ ಹೆಣ್ಣುಮಗಳು ಪಾಟಿ ಹಿಡಿಯುವುದೇ ಅಪರೂಪವಾಗಿದ್ದ ದಿನಗಳಲ್ಲಿ ಉಮಾಬಾಯಿಯವರು ಮ್ಯಾಟ್ರಿಕ್ ಪರೀಕ್ಷೆಯನ್ನು ದಾಟಿ, ಗಾಮದೇವಿಯ ಮಹಿಳಾ ಸಮಾಜದಲ್ಲಿ ಇತರ ಹೆಂಗಸರಿಗೆ ಪಾಠ ಹೇಳತೊಡಗಿದರು. 1920ರ ಆಗಸ್ಟ್ 1ರಂದು ಲೋಕಮಾನ್ಯ ತಿಲಕರು ಮುಂಬಯಿಯಲ್ಲಿ ತೀರಿಕೊಂಡರು. ಅವರ ಅಂತ್ಯಯಾತ್ರೆಗೆ ಹರಿದುಬಂದ ಜನಸಾಗರವನ್ನು ಉಮಾಬಾಯಿಯವರು ಕಣ್ಣಾರೆ ಕಂಡರು. ಖಾದಿಯೂ ಕಾಂಗ್ರೆಸ್ಸೂ ಅವರ ಬಾಳಿನೊಳಗೆ ಬಂದುದು ಅಲ್ಲಿಂದೀಚೆಗೆ.

ಅನಂತರ ವೈಧವ್ಯ. ಈ ಘಟ್ಟದಲ್ಲಿ ಆ ಮಾವನವರು ನಡೆದುಕೊಂಡ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ಮಗ ಹೋದ ಮನೆಯಲ್ಲಿ ಉಳಿದ ಸೊಸೆಗೆ ಆ ಕಾಲವು ಗೊತ್ತುಮಾಡಿದ್ದ ಸ್ಥಳವೆಂದರೆ ಅಡುಗೆಮನೆಯ ಕತ್ತಲೆಯ ಮೂಲೆ. ಆನಂದರಾಯರು ಸೊಸೆಯನ್ನು ಕರೆದುಕೊಂಡು ಹುಬ್ಬಳ್ಳಿಗೆ ಬಂದರು. ಕರ್ನಾಟಕ ಪ್ರೆಸ್ ಎಂಬ ಛಾಪಖಾನೆಯನ್ನು ತೆರೆದರು. ತಿಲಕ ಕನ್ಯಾ ಶಾಲೆಯ ಹೊಣೆ ಸೊಸೆಯ ಪಾಲಿಗೆ ಬಂದಿತು. ಒಂದು ಕಡೆ ಅಚ್ಚಿನ ಮೊಳೆ, ಇನ್ನೊಂದು ಕಡೆ ಹೆಣ್ಣುಮಕ್ಕಳ ಓದು. ಅಂದಿನ ಸರಕಾರಕ್ಕೆ ಇವೆರಡರಲ್ಲಿ ಯಾವುದು ಹೆಚ್ಚು ಅಪಾಯದ್ದೆಂದು ಹೇಳುವುದು ಕಷ್ಟ. ಕಡೆಗೆ ಅದು ಎರಡನ್ನೂ ಬಿಡಲಿಲ್ಲ.

ಆಗ ಹುಬ್ಬಳ್ಳಿಯಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು ತರುಣರನ್ನು ಕಟ್ಟುತ್ತಿದ್ದರು. ಅಮೆರಿಕದಲ್ಲಿ ಓದಿ, ಅಲ್ಲಿ ಲಾಲಾ ಲಜಪತರಾಯರೊಡನೆ ದುಡಿದು ಬಂದವರು ಅವರು. ನಮ್ಮ ಕಡೆಯವರಿಗೆ ಅವರ ಹೆಸರು ಘಟಪ್ರಭೆಯ ಆರೋಗ್ಯಧಾಮದೊಂದಿಗೆ ಬೆಸೆದುಕೊಂಡಿದೆ. 1923ರಲ್ಲಿ ರೂಪುಗೊಂಡ ಹಿಂದುಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಉಮಾಬಾಯಿಯವರು ವಹಿಸಿಕೊಂಡರು. ಮರುವರ್ಷವೇ ಪರೀಕ್ಷೆ ಎದುರಾಯಿತು. 1924ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಾಂಗ್ರೆಸ್ ಅಧಿವೇಶನ. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ. ಗಂಗಾಧರರಾವ್ ದೇಶಪಾಂಡೆಯವರ ಮುಂದಾಳುತನದಲ್ಲಿ ತಿಳಕವಾಡಿಯ ಬಯಲಿನಲ್ಲಿ ವಿಜಯನಗರವೆಂಬ ಊರೇ ಎದ್ದು ನಿಂತಿತು; ನೀರಿಗಾಗಿ ತೋಡಿದ ಬಾವಿಗೆ ಪಂಪಾ ಸರೋವರವೆಂದು ಹೆಸರಾಯಿತು. ಮಿರಜಿನಿಂದ ರಾಯಬಾಗ, ಚಿಕ್ಕೋಡಿ ರೋಡ್ ನಿಲ್ದಾಣಗಳನ್ನು ಹಾಯ್ದು ಬೆಳಗಾವಿಗೆ ಹೋಗುವ ರೈಲು ಹಾದಿಯಲ್ಲಿ ಆ ದಿನಗಳಲ್ಲಿ ಎಂಥ ಜನಸಂದಣಿ ಇದ್ದಿರಬೇಕೆಂಬುದನ್ನು ನಾವು ಊಹಿಸಿಕೊಳ್ಳಬಹುದು.

ಆ ಜನಸಮೂಹಕ್ಕೆ ಉಣಬಡಿಸಿ, ದಾರಿ ತೋರಿಸಿ, ಹೆಂಗಸರ ಬಿಡಾರಗಳನ್ನು ನೋಡಿಕೊಳ್ಳಲು ಸ್ವಯಂಸೇವಿಕೆಯರು ಬೇಕಿದ್ದರು. ಉಮಾಬಾಯಿಯವರು ಊರೂರು ತಿರುಗಿ ನೂರೈವತ್ತಕ್ಕೂ ಹೆಚ್ಚು ಮಂದಿ ಹೆಂಗಸರನ್ನು ಕೂಡಿಸಿದರು. ಸಂಖ್ಯೆ ಇಂದಿನವರಿಗೆ ದೊಡ್ಡದೆನಿಸಲಿಕ್ಕಿಲ್ಲ. ಆದರೆ ಅವರಲ್ಲಿ ಅನೇಕರು ವಿಧವೆಯರು, ಹೊಸಿಲು ದಾಟಿದರೆ ಅಪಶಕುನವೆಂದು ಎಣಿಸಲ್ಪಟ್ಟವರು. ಅವರ ಅತ್ತೆ ಮಾವಂದಿರ, ಅಣ್ಣತಮ್ಮಂದಿರ ಎದುರಿಗೆ ಕುಳಿತು, ನಿಮ್ಮ ಮಗಳನ್ನು ನನ್ನ ಸಂಗಡ ಕಳುಹಿಸಿರೆಂದು ಕೇಳಬೇಕಾದರೆ ಕೇಳುವವಳ ನಡತೆಯೇ ಅದಕ್ಕೆ ಜಾಮೀನು ನಿಲ್ಲಬೇಕು. ಕೇಳಿದವರೂ ವಿಧವೆಯೇ ಆಗಿದ್ದುದರಿಂದ ಆ ಮಾತಿಗೆ ಬೇರೆಯೇ ತೂಕ ಬಂದಿತ್ತೆಂದು ನನಗೆ ತೋರುತ್ತದೆ. ನನ್ನ ಎಣಿಕೆಯಲ್ಲಿ ಅವರ ಬಾಳಿನ ಅತ್ಯಂತ ಕಠಿಣ ಕಾರ್ಯ ಇದೇ. ಸೆರೆಮನೆ ಇದರ ಮುಂದೆ ಸುಲಭ.

ಸೆರೆಮನೆಯೂ ತಪ್ಪಲಿಲ್ಲ. 1932ರ ಕಾಯಿದೆಭಂಗದಲ್ಲಿ ನಾಲ್ಕು ತಿಂಗಳು ಯೆರವಡೆಯಲ್ಲಿದ್ದರು. ಹೊರಗೆ ಆನಂದರಾಯರು ತೀರಿಕೊಂಡರು. ಓದಿಸಿದವರು, ಊರು ಬಿಡಿಸಿ ತಂದು ಕೆಲಸಕ್ಕೆ ಹಚ್ಚಿದವರು, ಸೊಸೆ ಸೆರೆಯಲ್ಲಿರುವಾಗ ಕಣ್ಣು ಮುಚ್ಚಿದರು. ಅದೇ ಸೆರೆಮನೆಯಲ್ಲಿದ್ದ ಸರೋಜಿನಿ ನಾಯಿಡು ಅವರು ಈಕೆಯನ್ನು ಸಂತೈಸಿದರೆಂದು ತಿಳಿದುಬರುತ್ತದೆ. ಬಿಡುಗಡೆಯಾಗಿ ಹುಬ್ಬಳ್ಳಿಗೆ ಮರಳಿದಾಗ ಛಾಪಖಾನೆ ಮುಟ್ಟುಗೋಲಾಗಿತ್ತು. ಶಾಲೆಗೆ ಸರಕಾರದ ಮುದ್ರೆ ಬಿದ್ದಿತ್ತು. ಅವರು ಕಟ್ಟಿದ ಭಗಿನಿ ಮಂಡಲವೂ ಸೇವಾದಳವೂ ಕಾನೂನುಬಾಹಿರವೆನಿಸಿದ್ದವು. ಉಳಿದದ್ದು ವಾಸದ ಚಿಕ್ಕ ಮನೆ ಮಾತ್ರ.

ಮುಂದಿನ ಹೋರಾಟವೆಲ್ಲ ನಡೆದುದು ಆ ಮನೆಯಿಂದಲೇ. ಸೆರೆಯಿಂದ ಬಿಡುಗಡೆಯಾದ ಹೆಂಗಸರು, ಕೈಯಲ್ಲಿ ಊರಿಗೆ ಹೋಗುವ ಖರ್ಚೂ ಇಲ್ಲದವರು, ಅಲ್ಲಿಗೆ ಬಂದು ಉಂಡು ದಣಿವಾರಿಸಿಕೊಂಡು ಹೋಗುತ್ತಿದ್ದರು. ನಡುವೆ 1934ರ ಜನವರಿಯಲ್ಲಿ ಬಿಹಾರದ ಭೂಕಂಪವಾದಾಗ ಸ್ವಯಂಸೇವಕರೊಡನೆ ಅಲ್ಲಿಗೆ ಧಾವಿಸಿ ನಿರಾಶ್ರಿತರ ಶಿಬಿರಗಳಲ್ಲಿ ದುಡಿದರು. ಬಾಬು ರಾಜೇಂದ್ರಪ್ರಸಾದರ, ಆಚಾರ್ಯ ಕೃಪಲಾನಿಯವರ ಪರಿಚಯ ಅಲ್ಲಿ ಆಯಿತು.

1942 ಬಂದಾಗ ಉಮಾಬಾಯಿಯವರಿಗೆ ಐವತ್ತು ವರ್ಷ. ಆಗಸ್ಟ್ 9ರಂದು ಮುಂಬಯಿಯಲ್ಲಿ ನಾಯಕರೆಲ್ಲರ ಬಂಧನವಾಯಿತು. ಅದೇ ತಿಂಗಳು ಹುಬ್ಬಳ್ಳಿಯಲ್ಲಿ ನಾರಾಯಣ ಡೋಣಿ ಎಂಬ ಬಾಲಕ ಗುಂಡಿಗೆ ಬಲಿಯಾದ. ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿ ಚಳವಳಿ ಭೂಗತವಾಯಿತು. ಹಗಲು ಹೊಲಗಳಲ್ಲಿ ಅಡಗಿದವರು ರಾತ್ರಿ ಊರೊಳಗೆ ಬರಬೇಕು. ನಮ್ಮ ಭಾಗದಲ್ಲಾದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದು, ಚಿಕ್ಕೋಡಿ, ಅಥಣಿ ಬ್ರಿಟಿಷರದು. ಹದ್ದು ದಾಟಿ ತಲೆ ಮರೆಸಿಕೊಳ್ಳಲು ಸ್ವಲ್ಪ ಅನುಕೂಲವಿತ್ತು. ಹುಬ್ಬಳ್ಳಿಯಂಥ ಶಹರದಲ್ಲಿ ಆ ಸವಲತ್ತಿಲ್ಲ. ಅಲ್ಲಿ ಪೋಲೀಸರಿಗೆ ಹಳೆಯ ಗುರುತಿದ್ದ, ಹಿಂದೆ ಸೆರೆ ಕಂಡುಬಂದಿದ್ದ ಹೆಂಗಸಿನ ಮನೆಗೇ ಭೂಗತರು ರಾತ್ರಿ ಬರುತ್ತಿದ್ದರು. ಅವರಿಗೆ ಅನ್ನವಿತ್ತು, ಮಲಗಲು ಜಾಗವಿತ್ತು, ಹೊರಡುವಾಗ ಆದಷ್ಟು ಹಣವೂ ದೊರೆಯುತ್ತಿತ್ತು.

ಇದೇ ಕಾಲದಲ್ಲಿ, ಯುದ್ಧದ ಇನ್ನೊಂದು ಕೊನೆಯಲ್ಲಿ, ಬರ್ಲಿನ್ ನಗರದ ಪತ್ರಕರ್ತೆಯೊಬ್ಬಳು ಇಂಥದೇ ಕೆಲಸದಲ್ಲಿ ತೊಡಗಿದ್ದಳು. ರೂತ್ ಆಂದ್ರೆಯಾಸ್ ಫ್ರೀಡ್ರಿಖ್ ಎಂದು ಆಕೆಯ ಹೆಸರು, ಹುಟ್ಟಿದ್ದು 1901ರಲ್ಲಿ. ಹೊರಗೆ ಹೆಂಗಸರ ಪತ್ರಿಕೆಗಳಿಗೆ ಲೇಖನ ಬರೆಯುವುದು, ಒಳಗೆ ಗೆಳೆಯರ ಸಣ್ಣ ಗುಂಪಿನೊಡನೆ ಯೆಹೂದ್ಯರನ್ನು ಮನೆಗಳಲ್ಲಿ ಬಚ್ಚಿಡುವುದು, ಪಡಿತರ ಚೀಟಿ ಒದಗಿಸುವುದು. ಸಿಕ್ಕಿಬಿದ್ದಿದ್ದರೆ ಆಕೆಯ ತಲೆ ಉಳಿಯುತ್ತಿರಲಿಲ್ಲ. ನಮ್ಮಲ್ಲಿ ಸೆರೆಮನೆಗೆ ಮುಗಿಯುತ್ತಿದ್ದುದು ಅಲ್ಲಿ ವಧಸ್ತಂಭಕ್ಕೆ ಮುಟ್ಟುತ್ತಿತ್ತು. ಈ ಅಂತರವನ್ನು ಮರೆತು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಆದರೂ ಕೆಲಸದ ಬಗೆ ಒಂದೇ: ನಡುರಾತ್ರಿ ಕದ ಬಡಿದ ಸದ್ದಿಗೆ ಎದ್ದು, ಬಂದವರು ಬೇಟೆಗೊಳಗಾದವರೋ ಬೇಟೆಗಾರರೋ ಎಂದು ತಿಳಿಯದೆಯೇ ಅಗಳಿ ತೆಗೆಯುವುದು. ರೂತ್ ತನ್ನ ದಿನಚರಿಯನ್ನು ಕಾಪಾಡಿಕೊಂಡು 1947ರಲ್ಲಿ ಗ್ರಂಥವಾಗಿ ಪ್ರಕಟಿಸಿದಳು. ಲೋಕಕ್ಕೆ ಆ ರಾತ್ರಿಗಳ ವೃತ್ತಾಂತ ತಿಳಿದುದು ಹಾಗೆ. ಹುಬ್ಬಳ್ಳಿಯ ಮನೆಯಲ್ಲಿ ಎಷ್ಟು ಮಂದಿ ಉಂಡರು, ಯಾರು ಯಾರು ತಂಗಿದರು ಎಂಬುದಕ್ಕೆ ಅಂಥ ಲೆಕ್ಕವಿಲ್ಲ. ಒಂದು ಕಾಲಕ್ಕೆ ಛಾಪಖಾನೆಯನ್ನೇ ಹೊಂದಿದ್ದ ಮನೆತನ ಅದೆಂಬುದನ್ನು ನೆನೆದಾಗ ಈ ಮೌನ ನಮ್ಮಂಥ ಪುಸ್ತಕದ ಜನರನ್ನು ಸ್ವಲ್ಪ ಕಾಡುತ್ತದೆ.

1944ರ ಫೆಬ್ರವರಿಯಲ್ಲಿ ಕಸ್ತೂರಬಾ ಅವರು ಆಗಾಖಾನ್ ಅರಮನೆಯ ಬಂಧನದಲ್ಲಿಯೇ ತೀರಿಕೊಂಡರು. ಹಳ್ಳಿಯ ಹೆಂಗಸರಿಗಾಗಿ, ಮಕ್ಕಳಿಗಾಗಿ ಅವರ ಸ್ಮಾರಕ ನಿಧಿ ಏರ್ಪಟ್ಟಿತು. 1946ರಲ್ಲಿ ಗಾಂಧೀಜಿ ಅದರ ಕರ್ನಾಟಕ ಶಾಖೆಯ ಹೊಣೆಯನ್ನು ಉಮಾಬಾಯಿಯವರಿಗೆ ಒಪ್ಪಿಸಿದರು. ಗ್ರಾಮಸೇವಿಕೆಯರನ್ನು ತಯಾರಿಸಬೇಕು, ಅದಕ್ಕೆ ಹಣ ಕೂಡಿಸಬೇಕು. ಇಪ್ಪತ್ತೆರಡು ವರ್ಷಗಳ ಹಿಂದೆ ಹೆಣ್ಣುಮಕ್ಕಳನ್ನು ಕೇಳಲು ಮನೆ ಮನೆ ಹತ್ತಿದ್ದವರು ಈಗ ಅದೇ ಮನೆಗಳಿಗೆ ನಿಧಿ ಬೇಡಲು ಹೋದರು.

ಸ್ವಾತಂತ್ರ್ಯ ಬಂದ ಮೇಲೆ ಜೊತೆಗಾರರು ಅನೇಕರು ಅಧಿಕಾರದ ಸ್ಥಾನಗಳಿಗೇರಿದರು. ಇವರು ಅತ್ತ ಸುಳಿಯಲಿಲ್ಲ. ಸನ್ಮಾನಗಳನ್ನು ಒಲ್ಲೆನೆಂದರು, ಸ್ವಾತಂತ್ರ್ಯ ಯೋಧರಿಗೆ ಸರಕಾರ ಕೊಡುತ್ತಿದ್ದ ತಾಮ್ರಪತ್ರವನ್ನೂ ತೆಗೆದುಕೊಳ್ಳಲಿಲ್ಲ. ತಾಮ್ರಪತ್ರ ಪಡೆದ ಹಿರಿಯರನ್ನು ಹಗುರಾಗಿ ಕಾಣಬೇಕೆಂದು ನಾನು ಹೇಳುತ್ತಿಲ್ಲ. ಬಡತನದಲ್ಲಿದ್ದ ಎಷ್ಟೋ ಜನರಿಗೆ ಅದೊಂದೇ ಊರುಗೋಲಾಗಿತ್ತು. ಉಮಾಬಾಯಿಯವರ ಲೆಕ್ಕ ಬೇರೆ ಇದ್ದಿರಬೇಕು. ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿಯೇ ಅವರು ಉಳಿದ ದಿನಗಳನ್ನು ಕಳೆದು, 1992ರಲ್ಲಿ, ನೂರರ ಗಡಿಯಲ್ಲಿ ತೀರಿಕೊಂಡರು. ಆ ಮನೆಗೆ ಮಾವನವರ ನೆನಪಿನಲ್ಲಿ ಆನಂದ ಸ್ಮೃತಿ ಎಂದು ಹೆಸರಿತ್ತು.