ಆನೆ ಕಾಸೆಲ್ಲ ಟಿಪ್ಪುದಲ್ಲ, ಹುಣಸೆಹಣ್ಣು ಹಾಕಿ ಉಜ್ಜಬೇಡಿ

ಕೆ.ಆರ್.ಪೇಟೆ: ಗೋವಿಂದನಹಳ್ಳಿ ಕಡೆ ಹಳೇ ಮನೆ ದೇವರ ಪೆಟ್ಟಿಗೆಯಲ್ಲಿ ಆನೆ ಕಾಸು ಸಿಕ್ಕರೆ ಎಲ್ಲರ ಬಾಯಲ್ಲೂ ಬರೋದು ಒಂದೇ ಹೆಸರು, ಟಿಪ್ಪು ಸುಲ್ತಾನ್.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, 1782ರಲ್ಲಿ ತಂದೆ ಹೈದರ್ ಅಲಿ ತೀರಿಕೊಂಡ ಮೇಲೆ ಅಧಿಕಾರಕ್ಕೆ ಬಂದ. ತಾಮ್ರದ ಮೇಲೆ ಆನೆ ಒತ್ತಿಸೋದನ್ನ ಶುರು ಮಾಡಿದ್ದು ಹೈದರ್. ಮಗ ಅದನ್ನ ಬಿಡಲಿಲ್ಲ. ಶ್ರೀರಂಗಪಟ್ಟಣ, ನಗರ, ಬೆಂಗಳೂರು ಹೀಗೆ ಹಲವು ಕಡೆ ಟಂಕಸಾಲೆ ನಡೆಸಿದ. ನಾಣ್ಯಕ್ಕೊಂದು ಹೆಸರಿಟ್ಟ: ಎರಡು ರೂಪಾಯಿಯ ಬೆಳ್ಳಿ ನಾಣ್ಯ ಹೈದರಿ, ಒಂದು ರೂಪಾಯಿ ಇಮಾಮಿ, ತಾಮ್ರದ ಪೈಸೆಗೆ ಶುಕ್ರಗ್ರಹದ ಹೆಸರು, ಜೋಹ್ರಾ.

1787ರಲ್ಲಿ ಮೌಲೂದಿ ಅನ್ನೋ ಹೊಸ ಶಕೆ ತಂದು ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸಿದ. ನಾಣ್ಯದ ಮೇಲೆ 5121 ಅಂತ ಕಂಡರೆ ಅದು 1215. ಅಚ್ಚು ತಪ್ಪಿದ ಅಪರೂಪದ ನಾಣ್ಯ ಅಂತ ಯಾರಾದ್ರೂ ರೇಟು ಏರಿಸಿದರೆ ನಂಬಬೇಡಿ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಾ ಟಿಪ್ಪು ಸತ್ತ. ಆನೆ ಮಾತ್ರ ಉಳೀತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿಗೂ ಬಂತು. ಹಾಗಾಗಿ ಆನೆ ಇದ್ದದ್ದೆಲ್ಲ ಟಿಪ್ಪುದಲ್ಲ.

1921ರಲ್ಲಿ ಜೆ.ಆರ್. ಹೆಂಡರ್ಸನ್ ಈ ಅಪ್ಪ-ಮಗನ ನಾಣ್ಯಗಳ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಸಂಗ್ರಾಹಕರ ಪೈಪೋಟಿ ಇರೋದು ಇಂಥಾ ಪಟ್ಟಿಯಲ್ಲಿಲ್ಲದ ನಾಣ್ಯಕ್ಕೆ: ಯಾವ ಟಂಕಸಾಲೆ, ಯಾವ ವರ್ಷ, ಆನೆ ಮುಖ ಎಡಕ್ಕೋ ಬಲಕ್ಕೋ. ಅದಕ್ಕೇ ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಅಕ್ಷರ ಸವೆದರೆ ಬೆಲೆ ಬಿದ್ದುಹೋಗುತ್ತೆ. ಹೊಲ ಅಗೆಯುವಾಗ ನಿಧಿ ಸಿಕ್ಕರೆ ಅಂಗಡಿಗೆ ಒಯ್ಯೋ ಹಾಗಿಲ್ಲ, ಕಾನೂನಿನ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು.