ಗಂಗಾಮೂಲದ ಮಗಳು ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿಯವರ ಹೆಸರನ್ನು ನಾವು ಮಹಾರಾಷ್ಟ್ರದ ಸಮಾಜ ಸುಧಾರಕರ ಸಾಲಿನಲ್ಲಿ ಓದುತ್ತೇವೆ. ಆದರೆ ಅವರು ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ, 1858ರ ಏಪ್ರಿಲ್ 23ರಂದು. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಕಾರ್ಕಳವೂ ಕಾಸರಗೋಡೂ 1956ರವರೆಗೆ ಒಂದೇ ಜಿಲ್ಲೆಯಲ್ಲಿದ್ದವು. ಆದುದರಿಂದ ಅವರನ್ನು ನಮ್ಮ ಸೀಮೆಯ ಮಗಳೆನ್ನಲು ನಮಗೆ ಸಂಕೋಚವಿಲ್ಲ.

ಹೆಣ್ಣಿಗೆ ಸಂಸ್ಕೃತ ಕೂಡದೆಂಬ ಆ ಕಾಲದಲ್ಲಿ ಶಾಸ್ತ್ರಿಗಳು ಪತ್ನಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ತಾಯಿ ಅದನ್ನು ಮಗಳಿಗೆ ಕಲಿಸಿದರು. ಮಗುವಿಗೆ ಆರು ತಿಂಗಳಾದಾಗ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಕೂಸು ಬೆತ್ತದ ಬುಟ್ಟಿಯಲ್ಲಿ ಆಳಿನ ತಲೆಯ ಮೇಲೆ ಪ್ರಯಾಣ ಮಾಡಿತು. ಮುಂದೆ ಊರೂರುಗಳಲ್ಲಿ ಪುರಾಣ ಓದುವುದೇ ಜೀವನೋಪಾಯವಾಯಿತು. ನಂಬಿದವರನ್ನು ದೇವರು ಕೈಬಿಡನೆಂಬ ಭರವಸೆಯಲ್ಲಿ ರಮಾ ಬೆಳೆದಳು.

1870ರ ದಶಕದ ಕ್ಷಾಮ ಆ ಭರವಸೆಯನ್ನು ಮುರಿಯಿತು. ಇದ್ದ ಹಣ ದಾನಧರ್ಮಗಳಲ್ಲಿ ಕರಗಿತ್ತು. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ಮಾನ ಬಿಡದು. ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಾಯುತ್ತಿದ್ದ ತಾಯಿಗಾಗಿ ರಮಾ ರೊಟ್ಟಿಯ ಚೂರೊಂದನ್ನು ಬೇಡಿ ತಂದಳು. ಅದನ್ನು ನುಂಗುವ ತ್ರಾಣ ತಾಯಿಗಿರಲಿಲ್ಲ. ಉಳಿದ ಅಣ್ಣ ಶ್ರೀನಿವಾಸನೊಡನೆ ಕಾಶ್ಮೀರದವರೆಗೂ ಅಲೆದಳು. ಹೊದಿಕೆಯಿಲ್ಲದ ಚಳಿಯ ರಾತ್ರಿ, ನದಿಯ ದಡದಲ್ಲಿ ಗುಂಡಿ ತೋಡಿ, ಕುತ್ತಿಗೆಯವರೆಗೆ ಮರಳು ಮುಚ್ಚಿಕೊಂಡು ಇಬ್ಬರೂ ಜೀವ ಉಳಿಸಿಕೊಂಡರು. ಬಾಲ್ಯ ಹೀಗೆ ಮುಗಿಯಿತು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಆಕೆಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. ಆದರೆ ಬಿರುದು ಮನಸ್ಸಿಗೆ ಶಾಂತಿ ತರಲಿಲ್ಲ. ಧರ್ಮಶಾಸ್ತ್ರಗಳನ್ನು ಓದಿದಷ್ಟೂ ಹೆಣ್ಣಿಗೆ ಅಲ್ಲಿ ಸ್ಥಾನವಿಲ್ಲವೆಂಬ ನೋವು ಬೆಳೆಯಿತು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಕೈಹಿಡಿದ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರು 1882ರಲ್ಲಿ ಕಾಲರಾಕ್ಕೆ ತುತ್ತಾದರು. ಮಡಿಲಲ್ಲಿ ಎಳೆಗೂಸು ಮನೋರಮಾ ಉಳಿದಳು.

1883ರಲ್ಲಿ ರಮಾಬಾಯಿ ಇಂಗ್ಲೆಂಡಿಗೆ ಹೋದರು. ಸಮಾಜ ಹೊರಗೆ ತಳ್ಳಿದ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಅಕ್ಕರೆಯಿಂದ ಸಲಹುವುದನ್ನು ಕಂಡರು. ಸಮಾರ್ಯದ ಹೆಂಗಸಿನೊಡನೆ ಬಾವಿಯ ಬಳಿ ಯೇಸು ಮಾತನಾಡಿದ ಕಥೆ ಅವರ ಮನಸ್ಸನ್ನು ಹಿಡಿಯಿತು. ಆ ವರ್ಷ ಸೆಪ್ಟೆಂಬರ್ 29ರಂದು ದೀಕ್ಷಾಸ್ನಾನ ಪಡೆದರು. ಆದರೂ ಚರ್ಚಿನ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಲಿಲ್ಲ. ತಮ್ಮ ಬುದ್ಧಿಯನ್ನು ಯಾರಿಗೂ ಒತ್ತೆಯಿಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಅದು ಪುಣೆಗೆ ಬಂದ ಮೇಲೆ, 1893ರಲ್ಲಿ, ಮತಾಂತರದ ಆಪಾದನೆ ಎದ್ದು ಅನೇಕರು ತಮ್ಮ ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ರಮಾಬಾಯಿ ಎದೆಗುಂದಲಿಲ್ಲ. 1896ರಲ್ಲಿ ಮಧ್ಯಪ್ರಾಂತಕ್ಕೆ ಬರ ಬಿದ್ದಾಗ ತಾವೇ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಪುಣೆಯ ಸಮೀಪದ ಕೇಡಗಾಂವದಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಗುಜರಾತಿನ ಕ್ಷಾಮದ ಬಳಿಕ ಅಲ್ಲಿ ಸುಮಾರು 2000 ಮಂದಿ ಆಶ್ರಯ ಪಡೆದಿದ್ದರು. ತಾವು ಕಳೆದುಕೊಂಡ ಬಾಲ್ಯವನ್ನು ಅವರು ಈ ಮಕ್ಕಳಿಗೆ ಮರಳಿಸಲು ಹೊರಟರೆಂದೇ ನಾವು ತಿಳಿಯುತ್ತೇವೆ. ಹೊಸ ನಂಬಿಕೆ ಅವರಿಗೆ ದುಃಖ ಮರೆಯುವ ಮದ್ದಾಗಲಿಲ್ಲ, ದುಡಿಯುವ ಬಲವಾಯಿತು.

1910ರ ದಶಕದಲ್ಲಿ ಅವರು ಕನ್ನಡ ನಾಡಿನ ಗುಲ್ಬರ್ಗದಲ್ಲೂ ಶಾಲೆ ತೆರೆದು, ಮಗಳು ಮನೋರಮಾಗೆ ಅದನ್ನು ಒಪ್ಪಿಸಿದರು. ಆಗ ಅದು ನಿಜಾಮನ ಸೀಮೆ. ಉಮರ್ಗಾ, ನಿಲಂಗಾ, ಉದಗೀರಗಳೂ ಅದೇ ಸಂಸ್ಥಾನದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂತೆ, ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳೂ ಗಡಿಯಾಚೆ ಉಳಿದವು. ಆ ಕಡೆಯ ಕನ್ನಡ ಮನೆಗಳ ಕಷ್ಟಸುಖ ನಮಗೆ ಹೊಸತಲ್ಲ.

1921ರಲ್ಲಿ ಮನೋರಮಾ ತಾಯಿಗಿಂತ ಮೊದಲೇ ಅಗಲಿದರು. ಆ ಶೋಕದಲ್ಲೂ ರಮಾಬಾಯಿ ಮರಾಠಿ ಬೈಬಲ್ ಅನುವಾದವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ಕಣ್ಮುಚ್ಚಿದರು. ಅವರು ಹಿಡಿದ ಮತವನ್ನು ಎಲ್ಲರೂ ಒಪ್ಪಬೇಕಿಲ್ಲ. ಹಸಿದು ಬೆಳೆದವಳೊಬ್ಬಳು ಹಸಿದವರ ತಾಯಿಯಾದ ಈ ಕಥೆಯನ್ನು ಮಾತ್ರ ನಮ್ಮ ಮಕ್ಕಳು ಕನ್ನಡದಲ್ಲೇ ಓದಿ ತಿಳಿಯಲಿ.