ಮಳೆಯಂಗಿಗೆ ಹೆಸರು ಕೊಟ್ಟ ಮೆಕಿಂಟೋಷ್

ಮಳೆಗಾಲ ಹಿಡಿಯಿತೆಂದರೆ ನಮ್ಮ ಜಿಲ್ಲೆಯಲ್ಲಿ ಮಳೆಯಂಗಿಯ ನೆನಪಾಗದ ಮನೆಯಿಲ್ಲ. ನಮ್ಮ ಹಿರಿಯರು ಗೊರಬೆ, ಓಲೆಕೊಡೆಗಳಲ್ಲೇ ಆ ಕಾಲವನ್ನು ಕಳೆದರು. ಮರದ ಹಾಲಿನಿಂದಾದ ರಬ್ಬರನ್ನು ಮೈಮೇಲಿನ ಬಟ್ಟೆಗೆ ತಂದವರಲ್ಲಿ ಪ್ರಮುಖರಾದ ಚಾರ್ಲ್ಸ್ ಮೆಕಿಂಟೋಷರ ಜೀವನವನ್ನು ಇಂದು ಓದುಗರ ಮುಂದಿಡುತ್ತಿದ್ದೇವೆ.

ಅವರು 1766ರ ದಶಂಬರ 29ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹುಟ್ಟಿದರು. ತಂದೆ ಬಣ್ಣ ತಯಾರಿಸುವ ಉದ್ಯಮಿ. ಗುಮಾಸ್ತನಾಗಿ ದುಡಿಯತೊಡಗಿದ ಮಗನಿಗೆ ಲೆಕ್ಕದ ಪುಸ್ತಕಕ್ಕಿಂತ ರಸಾಯನಶಾಸ್ತ್ರವೇ ಪ್ರಿಯವಾಯಿತು. ಇಪ್ಪತ್ತು ತುಂಬುವ ಮೊದಲೇ ಕೆಲಸ ಬಿಟ್ಟು ರಾಸಾಯನಿಕ ವಸ್ತುಗಳ ತಯಾರಿಕೆಗೆ ಇಳಿದರು.

ಆಗ ಬೀದಿದೀಪಗಳಿಗಾಗಿ ಕಲ್ಲಿದ್ದಲಿನಿಂದ ಗ್ಯಾಸು ತೆಗೆಯುತ್ತಿದ್ದರು. ಉಳಿಯುತ್ತಿದ್ದ ಡಾಂಬರು ಯಾರಿಗೂ ಬೇಡದ ಕಸ. 1819ರಲ್ಲಿ ಮೆಕಿಂಟೋಷರು ಗ್ಲಾಸ್ಗೋ ಗ್ಯಾಸು ಕಾರ್ಖಾನೆಯ ಆ ಕಸವನ್ನು ಕೊಳ್ಳುವ ಕರಾರು ಮಾಡಿಕೊಂಡರು. ಬಣ್ಣದ ಕೆಲಸಕ್ಕೆ ಬೇಕಾದ ಅಮೋನಿಯ ಅದರಿಂದ ಸಿಕ್ಕಿತು. ಜೊತೆಗೆ ನಾಫ್ತಾ ಎಂಬ ಎಣ್ಣೆಯೂ ಉಳಿಯಿತು.

ದಕ್ಷಿಣ ಅಮೆರಿಕದ ಮೂಲನಿವಾಸಿಗಳು ಹಸಿ ರಬ್ಬರು ಹಾಲನ್ನೇ ಬಟ್ಟೆಗೆ ಬಳಿದು ನೀರು ತಡೆಯುತ್ತಿದ್ದರು. ಯುರೋಪಿಗೆ ಬರುತ್ತಿದ್ದುದು ಒಣಗಿದ ಗಟ್ಟಿ ರಬ್ಬರು. ಅದನ್ನು ನಾಫ್ತಾ ಕರಗಿಸುತ್ತದೆಂದು ಜೇಮ್ಸ್ ಸೈಮ್ ಎಂಬ ವೈದ್ಯ ವಿದ್ಯಾರ್ಥಿ 1818ರಲ್ಲೇ ತಿಳಿಸಿದ್ದನು. ಮೆಕಿಂಟೋಷರು ಕರಗಿದ ರಬ್ಬರನ್ನು ಎರಡು ಬಟ್ಟೆಗಳ ನಡುವೆ ಹಚ್ಚಿ ಒತ್ತಿದರು. ಅಂಟು ಕೈಗೆ ತಾಗದು, ನೀರು ಒಳಗಿಳಿಯದು. 1823ರಲ್ಲಿ ಅದಕ್ಕೆ ಪೇಟೆಂಟ್ ದೊರೆಯಿತು.

ಆದರೆ ಕಷ್ಟಗಳು ಕಡಮೆಯಿರಲಿಲ್ಲ. ದರ್ಜಿಗಳ ಸೂಜಿ ಚುಚ್ಚಿದಲ್ಲೆಲ್ಲ ನೀರು ಸೋರಿತು. ಉಣ್ಣೆಯ ಜಿಡ್ಡು ರಬ್ಬರನ್ನು ಕೆಡಿಸಿತು. ಚಳಿಗೆ ಅಂಗಿ ಹಲಗೆಯಂತಾದರೆ ಬಿಸಿಲಿಗೆ ಅಂಟಂಟಾಯಿತು, ವಾಸನೆಯಂತೂ ಹೇಳತೀರದು. ಮ್ಯಾಂಚೆಸ್ಟರಿನ ಅವರ ಕಾರ್ಖಾನೆ ಕೊನೆಗೆ ತಾನೇ ಅಂಗಿ ಹೊಲಿದು, ಹೊಲಿಗೆಗಳಿಗೆ ರಬ್ಬರು ಹಚ್ಚಿ ಸೋರಿಕೆಯನ್ನು ನಿಲ್ಲಿಸಿತು. ರಬ್ಬರಿನ ಕೆಲಸದಲ್ಲಿ ನುರಿತ ತಾಮಸ್ ಹ್ಯಾನ್‌ಕಾಕ್ ಪಾಲುದಾರರಾದರು.

ಬಿಸಿಲು ಚಳಿಗಳ ದೋಷ ಮಾತ್ರ ಉಳಿಯಿತು. 1843ರ ಜುಲೈ 25ರಂದು ಮೆಕಿಂಟೋಷರು ತೀರಿಕೊಂಡರು. ಗಂಧಕ ಬೆರೆಸಿ ಕಾಯಿಸಿ ರಬ್ಬರನ್ನು ಹದಗೊಳಿಸುವ ವಿಧಾನಕ್ಕೆ ಹ್ಯಾನ್‌ಕಾಕ್ ಇಂಗ್ಲೆಂಡಿನಲ್ಲಿ ಪೇಟೆಂಟ್ ಕೋರಿದ್ದು ಅದೇ ವರ್ಷದ ನವೆಂಬರಿನಲ್ಲಿ. ಅಮೆರಿಕದಲ್ಲಿ ಚಾರ್ಲ್ಸ್ ಗುಡ್‌ಇಯರಿಗೆ ಅದು ದೊರೆತದ್ದು 1844ರಲ್ಲಿ. ತಮ್ಮ ಅಂಗಿಯ ದೋಷ ನೀಗಿದುದನ್ನು ಕಾಣುವ ಭಾಗ್ಯ ಮೆಕಿಂಟೋಷರಿಗಿರಲಿಲ್ಲ. ಆದರೂ ಇಂಗ್ಲಿಷಿನಲ್ಲಿ ಮಳೆಯಂಗಿಗೆ ಅವರ ಹೆಸರೇ ನಿಂತಿತು, ನಡುವೆ ಒಂದು ಅಕ್ಷರ ಹೆಚ್ಚಾಗಿ.

ರಬ್ಬರಿನ ಅಂಗಿಯುಳ್ಳವರು ಈ ಕಥೆಯಿಂದ ಕಲಿಯಬೇಕಾದ್ದು ಇನ್ನೂ ಇದೆ. ಹದಗೊಂಡ ರಬ್ಬರನ್ನೂ ಎಣ್ಣೆ ಜಿಡ್ಡುಗಳು ಕೆಡಿಸುತ್ತವೆ, ಕಡುಬಿಸಿಲು ಬಿರುಕು ಬಿಡಿಸುತ್ತದೆ. ಎಣ್ಣೆ, ಸೀಮೆಎಣ್ಣೆ ತಾಗಿಸದೆ, ತಣ್ಣೀರಲ್ಲಿ ತೊಳೆದು ನೆರಳಲ್ಲಿ ಆರಿಸಿ, ಮಡಚದೆ ತೂಗಹಾಕೋಣ. ಇಸ್ತ್ರಿಪೆಟ್ಟಿಗೆಯನ್ನಂತೂ ಅದರ ಹತ್ತಿರ ತರುವುದು ಬೇಡ.